ರೋಗಿಯು ಆಢ್ಯನಾಗಿರಬೇಕೆ?

ಅತ್ತಿಗುಪ್ಪೆ ಎಂಬ ಹೆಸರಿನೊಳಗೆ ಅತ್ತಿಯ ಮರವೊಂದು ಅಡಗಿದೆ. ಸಂಸ್ಕೃತದಲ್ಲಿ ಉದುಂಬರವೆಂದು ಕರೆಯಲ್ಪಡುವ ಈ ಮರದ ತೊಗಟೆಯು ಆಯುರ್ವೇದದ ಪಂಚವಲ್ಕಲಗಳಲ್ಲಿ ಒಂದು. ಆಲ, ಅತ್ತಿ, ಅರಳಿ ಮೊದಲಾದ ಐದು ಮರಗಳ ತೊಗಟೆಯ ಕಷಾಯದಿಂದ ವ್ರಣವನ್ನು ತೊಳೆಯಬೇಕೆಂದು ನಮ್ಮ ಪ್ರಾಚೀನ ವೈದ್ಯರು ವಿಧಿಸಿದ್ದರು. ಇಂದು ನಾನು ನಿತ್ಯ ನಡೆಯುವ ದಾರಿಯಲ್ಲಿ ಅತ್ತಿಯ ಮರ ಕಾಣುವುದಿಲ್ಲ. ಕಾರ್ಡ್ ರಸ್ತೆಯ ವಾಹನಸಂದಣಿ ಇದೆ. ೨೦೧೫ರ ನವೆಂಬರ್ ತಿಂಗಳಿನಿಂದ ತಲೆಯ ಮೇಲೆ ಮೆಟ್ರೋ ರೈಲು ಓಡುತ್ತಿದೆ. ಸುತ್ತಲಿನ ಬಡಾವಣೆಗಳಲ್ಲಿ ಆಸ್ಪತ್ರೆಗಳು, ರಕ್ತಪರೀಕ್ಷೆಯ ಕೇಂದ್ರಗಳು, ಔಷಧದ ಅಂಗಡಿಗಳು ಹೆಜ್ಜೆಗೊಂದರಂತೆ ಇವೆ. ಇಷ್ಟೆಲ್ಲ ಇರುವ ಈ ಪರಿಸರದಲ್ಲಿಯೇ ಒಂದು ಸಣ್ಣ ವ್ರಣವು ಎರಡು ತಿಂಗಳ ಕಾಲ ನೋಡುವವರಿಲ್ಲದೆ ಬೆಳೆದು, ಒಬ್ಬ ತಾಯಿಯ ಕಾಲಿನ ಎರಡು ಬೆರಳುಗಳನ್ನು ತಿಂದುಹಾಕಿತು. ಈ ತಿಂಗಳು ಅದನ್ನು ಕುರಿತು ಬರೆಯದೆ ಬೇರೊಂದು ವಿಷಯಕ್ಕೆ ಕೈಹಾಕಲು ನನ್ನ ಮನಸ್ಸು ಒಪ್ಪಲಿಲ್ಲ.

ಆಕೆ ಹೂವು ಮಾರುವವಳು. ಪ್ರತಿ ಸೋಮವಾರ ಬೆಳಿಗ್ಗೆ ಆಕೆಯ ಬಳಿ ಹೂವು ಕೊಳ್ಳುವುದು ನನ್ನ ಹಲವು ವರ್ಷಗಳ ರೂಢಿ. ಬೆಳಗಿನ ಜಾವ ಮೂರೂವರೆಗೆ ಎದ್ದು ಮಾರುಕಟ್ಟೆಗೆ ಹೋಗುವಳು, ಆರು ಗಂಟೆಗೆ ಬುಟ್ಟಿ ಬಿಚ್ಚುವಳು, ಹತ್ತರವರೆಗೆ ಮಾರಾಟ. ಮಧ್ಯಾಹ್ನ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ. ಸಂಜೆ ಮತ್ತೆ ಹೂವು. ಒಂದು ಸೋಮವಾರ ಆಕೆಯ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿರುವುದು ಕಂಡಿತು. “ಏನಮ್ಮ ಇದು?” ಎಂದೆ. “ಏನೋ ಚುಚ್ಚಿರಬೇಕು ಸ್ವಾಮಿ, ನೋವೇನೂ ಇಲ್ಲ” ಎಂದಳು. “ಡಾಕ್ಟರಿಗೆ ತೋರಿಸು” ಎಂದು ಹೇಳಿ, ಹೂವಿನ ಪೊಟ್ಟಣವನ್ನು ಹಿಡಿದು ಮುಂದೆ ನಡೆದೆ. ಮರುಸೋಮವಾರವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಉಪದೇಶ. ಹೀಗೆ ಏಳೆಂಟು ಸೋಮವಾರಗಳು ಕಳೆದವು.

ನೋವಿಲ್ಲವೆಂಬ ಆಕೆಯ ಮಾತೇ ಅಪಾಯದ ಸೂಚನೆಯಾಗಿತ್ತೆಂದು ನನಗೆ ಅನಂತರ ತಿಳಿಯಿತು. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿಲ್ಲದಿದ್ದರೆ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ, ಬಿಸಿನೀರು ಸುಟ್ಟರೂ ಅರಿವಾಗುವುದಿಲ್ಲ. ರಕ್ತಸಂಚಾರವು ಕುಂದುವುದರಿಂದ ಗಾಯ ಮಾಯುವುದು ತಡವಾಗುತ್ತದೆ. ಸಕ್ಕರೆಯ ಅಂಶ ಹೆಚ್ಚಿದ ಶರೀರದಲ್ಲಿ ಸೋಂಕು ಬೇಗನೆ ಆಳಕ್ಕಿಳಿಯುತ್ತದೆ. ಆಕೆಗೆ ಸಕ್ಕರೆ ಕಾಯಿಲೆ ಇರುವುದು ನಾಲ್ಕು ವರ್ಷಗಳ ಹಿಂದೆಯೇ ಗೊತ್ತಾಗಿತ್ತು. ಎರಡು ಬಾರಿ ಒಂದು ಆಸ್ಪತ್ರೆಗೆ ಹೋಗಿದ್ದಳು. ಮೊದಲ ದಿನ ಚೀಟಿ ಮಾಡಿಸುವ ಸಾಲು, ಎರಡನೆಯ ದಿನ ರಕ್ತ ಕೊಡುವ ಸಾಲು, ಮೂರನೆಯ ದಿನ ವರದಿ ಪಡೆಯುವ ಸಾಲು. ಮೂರು ದಿನದ ವ್ಯಾಪಾರ ಹೋಯಿತು. ಒಂದು ಮನೆಯ ಕೆಲಸವೂ ಹೋಯಿತು. ಮೂರನೆಯ ದಿನ ವೈದ್ಯರು ಎರಡು ನಿಮಿಷ ಮಾತನಾಡಿ ಒಂದು ತಿಂಗಳ ಮಾತ್ರೆ ಬರೆದುಕೊಟ್ಟರು. ಆ ಮೇಲೆ ಆಕೆ ಹೋಗಲಿಲ್ಲ. ಏಕೆ ಬರಲಿಲ್ಲವೆಂದು ಯಾರೂ ಕೇಳಲೂ ಇಲ್ಲ. ಕೊನೆಗೆ ಬೆರಳು ಕಪ್ಪಾಗಿ ದುರ್ಗಂಧ ಬಂದಾಗ ಮಗ ಆಟೋದಲ್ಲಿ ಕರೆದೊಯ್ದನು. ಶಸ್ತ್ರಚಿಕಿತ್ಸೆ ಮಾಡಿದ ತರುಣ ವೈದ್ಯರು ಒಳ್ಳೆಯವರು. “ಎರಡು ತಿಂಗಳ ಮೊದಲು ಬಂದಿದ್ದರೆ ಬೆರಳು ಉಳಿಯುತ್ತಿತ್ತು” ಎಂದರು. ಆ ಎರಡು ತಿಂಗಳಲ್ಲಿ ನಾನು ಎಂಟು ಬಾರಿ ಆಕೆಯನ್ನು ಕಂಡಿದ್ದೆನು.

ಈ ಸಂಗತಿಯನ್ನು ಕೇಳಿದ ನನ್ನ ಪರಿಚಿತರೊಬ್ಬರು, “ಏನು ಮಾಡುವುದು, ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ” ಎಂದು ನಿಟ್ಟುಸಿರುಬಿಟ್ಟರು. ಇದು ನಾವೆಲ್ಲರೂ ಆಡುವ ಮಾತು. ರೋಗಿಯ ಅಜ್ಞಾನದ ಮೇಲೆ ಭಾರ ಹಾಕಿದರೆ ನಮ್ಮ ಹೆಗಲು ಹಗುರವಾಗುತ್ತದೆ. ಆದರೆ ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಮ್ಮ ನಾಡಿನಲ್ಲಿಯೇ ಅರವತ್ತು ವರ್ಷಗಳ ಹಿಂದೆ ಒರೆಗೆ ಹಚ್ಚಿ ನೋಡಲಾಗಿದೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಡಾ. ಡಿ. ಬ್ಯಾನರ್ಜಿ ಹಾಗೂ ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಪೇಟೆಗಳಲ್ಲಿ ಕ್ಷಯರೋಗಿಗಳನ್ನು ಅವರವರ ಮನೆಗಳಲ್ಲಿಯೇ ಮಾತನಾಡಿಸಿ, ತಮ್ಮ ಅಧ್ಯಯನವನ್ನು ೧೯೬೩ರಲ್ಲಿ ಪ್ರಕಟಿಸಿದರು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಆ ಕುರಿತು ಚಿಂತೆಯೂ ಇತ್ತು. ಅಷ್ಟೇ ಅಲ್ಲ, ಅವರಲ್ಲಿ ಅರ್ಧದಷ್ಟು ಜನ ಆಗಲೇ ಸರ್ಕಾರಿ ಚಿಕಿತ್ಸಾಲಯದ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ದೊರೆತದ್ದು ರೋಗಪರೀಕ್ಷೆಯಲ್ಲ, ಕೆಮ್ಮಿನ ಔಷಧ.

ಈ ಫಲಿತಾಂಶವನ್ನು ಓದಿದಾಗ ನನಗೆ ಹೂವಿನ ತಾಯಿಯ ಮೂರು ದಿನಗಳ ಸಾಲು ನೆನಪಾಯಿತು. ಆಕೆಯೂ ಹೋಗಿದ್ದಳು. ಹೋಗಿಲ್ಲವೆಂದು ಹೇಳುವಂತಿಲ್ಲ. ಹೋದವಳನ್ನು ನಾವು ಉಳಿಸಿಕೊಳ್ಳಲಿಲ್ಲ. ತುಮಕೂರಿನಂತಹ ಅಧ್ಯಯನಗಳ ಅಡಿಪಾಯದ ಮೇಲೆಯೇ ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ರೂಪುಗೊಂಡಿತು. ಕ್ಷಯಕ್ಕೆಂದೇ ದೂರದಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿ ಜನರನ್ನು ಕರೆಯುವ ಬದಲು, ಕೆಮ್ಮಿಗೆಂದು ಜನ ಈಗಾಗಲೇ ಬರುತ್ತಿರುವ ಸಾಮಾನ್ಯ ಚಿಕಿತ್ಸಾಲಯದಲ್ಲಿಯೇ ಕಫಪರೀಕ್ಷೆ ನಡೆಯಲಿ ಎಂಬುದು ಅದರ ತಿರುಳು.

ನಮ್ಮ ಆಯುರ್ವೇದ ಗ್ರಂಥಗಳನ್ನು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಗುರುಗಳು ಚಿಕಿತ್ಸೆಯ ನಾಲ್ಕು ಪಾದಗಳನ್ನು ಕಂಠಪಾಠ ಮಾಡಿಸಿದ್ದರು. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ಈ ನಾಲ್ಕರಲ್ಲಿ ಒಂದು ಕುಂಟಿದರೂ ಚಿಕಿತ್ಸೆ ನಡೆಯಲಾರದು. ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಶಾಸ್ತ್ರಕಾರರು ಹೇಳಿದ್ದಾರೆ. ರೋಗಿಯಲ್ಲಿ ಏನಿರಬೇಕು? ಚರಕಸಂಹಿತೆಯ ಪ್ರಕಾರ ಸ್ಮರಣೆ ಇರಬೇಕು, ವೈದ್ಯನ ಮಾತನ್ನು ಪಾಲಿಸಬೇಕು, ಅಂಜದೆ ಇರಬೇಕು, ತನ್ನ ರೋಗವನ್ನು ತಾನೇ ವಿವರಿಸಬಲ್ಲವನಾಗಿರಬೇಕು. ಶತಮಾನಗಳ ಅನಂತರ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇದೇ ಪಟ್ಟಿಯನ್ನು ಕೊಡುವಾಗ ಸ್ಮರಣೆಯ ಸ್ಥಾನದಲ್ಲಿ ಬೇರೊಂದು ಪದವನ್ನು ಇಟ್ಟಿದ್ದಾನೆ. ಆ ಪದವೇ ‘ಆಢ್ಯ’, ಅಂದರೆ ಹಣವುಳ್ಳವನು. ವಿದ್ಯಾರ್ಥಿಯಾಗಿದ್ದಾಗ ನನಗೆ ಇದು ಪಾಠಭೇದದಂತೆ ಕಂಡಿತ್ತು. ಈಗ ಯೋಚಿಸಿದರೆ, ವಾಗ್ಭಟನು ತನ್ನ ಕಾಲದ ಲೋಕವ್ಯವಹಾರವನ್ನು ಕಂಡು ನಿಷ್ಠುರವಾಗಿ ಬರೆದಿರಬೇಕು ಎನ್ನಿಸುತ್ತದೆ. ರೋಗಿಯು ಆಢ್ಯನಾಗಿರದಿದ್ದರೆ ಉಳಿದ ಮೂರು ಪಾದಗಳು ಅವನತ್ತ ನಡೆದುಬರುವುದಿಲ್ಲ. ಹಾಗಾದರೆ ಆ ಪದವನ್ನು ಅಳಿಸುವ ಕೆಲಸ ಯಾರದು? ಅದು ಆಸ್ಪತ್ರೆಯದೇ ಎಂಬುದು ನನ್ನ ಇಂದಿನ ಪ್ರತಿಪಾದನೆ. ಇದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. ಒಂದೊಂದು ಪಾದವನ್ನೂ ಹಿಡಿದು ನೋಡೋಣ.

ಮೊದಲನೆಯದು ವೈದ್ಯ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ದೇಶದಲ್ಲಿಯೇ ಹೆಸರಾದ ಆಸ್ಪತ್ರೆ. ಮಾನಸಿಕ ರೋಗಿಗಳನ್ನು ಊರಿನಿಂದ ಊರಿಗೆ, ದೇವಸ್ಥಾನದಿಂದ ದೇವಸ್ಥಾನಕ್ಕೆ ಅಲೆಸಿ, ಕೊನೆಗೆ ಸರಪಳಿ ಹಾಕಿ ಅಲ್ಲಿಗೆ ತರುತ್ತಿದ್ದ ಕಾಲವೊಂದಿತ್ತು. ರೋಗಿ ಬರಲೆಂದು ಕಾಯದೆ ೧೯೭೦ರ ದಶಕದ ನಡುಭಾಗದಲ್ಲಿ ಆ ಸಂಸ್ಥೆಯು ಸಮುದಾಯ ಮಾನಸಿಕ ಆರೋಗ್ಯ ವಿಭಾಗವನ್ನು ತೆರೆದು, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿತು. ಅಲ್ಲಿ ಕಲಿತ ಪಾಠವನ್ನು ೧೯೮೫ರಿಂದ ೧೯೯೦ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಕೆಲವೇ ಅವಶ್ಯಕ ಔಷಧಗಳನ್ನು ಅವರ ಕೈಗೆ ಒಪ್ಪಿಸಲಾಯಿತು. ಬೆಂಗಳೂರಿನ ತಜ್ಞರ ವಿದ್ಯೆಯ ಒಂದು ಭಾಗ ಬಳ್ಳಾರಿಯ ಹಳ್ಳಿಗೆ ತಲುಪಿತು. ೧೯೯೬ರಲ್ಲಿ ಭಾರತ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. ದೊಡ್ಡ ಆಸ್ಪತ್ರೆಯು ತನ್ನ ವಿದ್ಯೆಯನ್ನು ಹಂಚಿದರೆ ಅದು ಕಡಿಮೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯದು ಔಷಧ. ಇದಕ್ಕೆ ನಿದರ್ಶನ ನಮ್ಮ ಸಮಾಜದವರೇ ಕಟ್ಟಿದ ಸಂಸ್ಥೆಯೊಂದರಲ್ಲಿ ದೊರೆಯುತ್ತದೆ. ೧೯೧೬ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು, ನಾಡು ಅವರನ್ನು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಆ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ೧೯೬೩ರಲ್ಲಿ ಸ್ಥಾಪಿತವಾಯಿತು. ಹೆರಿಗೆಯಾದ ಕೂಡಲೆ ಉಂಟಾಗುವ ಅತಿರಕ್ತಸ್ರಾವವು ತಾಯಂದಿರ ಮರಣಕ್ಕೆ ದೊಡ್ಡ ಕಾರಣ. ಅದನ್ನು ತಡೆಯಲು ಬಳಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ತಿಳಿದವರು ಚುಚ್ಚಬೇಕು. ಹಳ್ಳಿಯ ಮನೆಯಲ್ಲಿ ನಡೆಯುವ ಹೆರಿಗೆಗೆ ಇವೆರಡೂ ದುರ್ಲಭ. ಆ ಮಹಾವಿದ್ಯಾಲಯದ ವೈದ್ಯರು ಅಮೆರಿಕೆಯ ಸಹೋದ್ಯೋಗಿಗಳೊಡನೆ ಸೇರಿ ಬೇರೆ ದಾರಿ ಹುಡುಕಿದರು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ತಂಪಿನಲ್ಲಿ ಇಡಬೇಕಿಲ್ಲ, ನುಂಗಿಸಿದರೆ ಸಾಕು. ಇದನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಸಹಾಯಕ ದಾದಿಯರ ಕೈಗೆ ಕೊಟ್ಟು, ೨೦೦೨ರಿಂದ ೨೦೦೫ರವರೆಗೆ ೧,೬೨೦ ಹೆರಿಗೆಗಳಲ್ಲಿ ಪರೀಕ್ಷಿಸಿದರು. ಅರ್ಧದಷ್ಟು ತಾಯಂದಿರಿಗೆ ಮಾತ್ರೆ, ಉಳಿದವರಿಗೆ ಅದೇ ರೂಪದ ಔಷಧರಹಿತ ಗುಳಿಗೆ. ಸ್ರವಿಸಿದ ರಕ್ತವನ್ನು ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಸಿನಲ್ಲಿ ಅಳೆದರು.

ಫಲಿತಾಂಶವು ೨೦೦೬ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾತ್ರೆ ಪಡೆಯದವರಲ್ಲಿ ನೂರಕ್ಕೆ ೧೨ ಮಂದಿಗೆ ಅತಿರಕ್ತಸ್ರಾವವಾಗಿದ್ದರೆ, ಪಡೆದವರಲ್ಲಿ ಅದು ೬.೪ಕ್ಕೆ ಇಳಿದಿತ್ತು. ಪ್ರಾಣಾಪಾಯ ತರುವ ತೀವ್ರಸ್ರಾವವು ೧.೨ರಿಂದ ೦.೨ಕ್ಕೆ ಇಳಿದಿತ್ತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇಲ್ಲಿ ಗಮನಿಸಬೇಕಾದುದು ಇಷ್ಟು: ಆ ಮಾತ್ರೆಗಾಗಿ ತಾಯಂದಿರಾರೂ ಬೆಳಗಾವಿಯ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಗಿ ಬರಲಿಲ್ಲ. ಆಸ್ಪತ್ರೆಯ ಹೆಸರಿನಲ್ಲಿ ಒಂದು ಹಾಸಿಗೆಯೂ ಹೆಚ್ಚಾಗಲಿಲ್ಲ. ಆದರೂ ಆಸ್ಪತ್ರೆಯು ಮಾಡಬಹುದಾದ ಅತಿ ದೊಡ್ಡ ಕೆಲಸವು ನಡೆದುಹೋಯಿತು.

ಇನ್ನು ವಾಗ್ಭಟನ ‘ಆಢ್ಯ’ ಪದಕ್ಕೆ ಬರೋಣ. ಡಾ. ದೇವಿ ಶೆಟ್ಟಿ ಅವರ ಪ್ರೇರಣೆಯಿಂದ, ಸಹಕಾರ ಸಂಘಗಳ ಮೂಲಕ, ಕರ್ನಾಟಕದಲ್ಲಿ ಯಶಸ್ವಿನಿ ಯೋಜನೆಯು ೨೦೦೩ರ ಜೂನ್‌ನಲ್ಲಿ ಕಾರ್ಯರೂಪಕ್ಕೆ ಬಂದಿತು. ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ ೫ ರೂಪಾಯಿ, ವರ್ಷಕ್ಕೆ ೬೦ ರೂಪಾಯಿ ಕೊಟ್ಟರೆ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸಾಮೂಹಿಕ ನಿಧಿ ಭರಿಸುತ್ತಿತ್ತು. ಮೊದಲ ವರ್ಷವೇ ೧೬ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಹಾಲಿನ ಡೈರಿಯೂ ಸಾಲದ ಸೊಸೈಟಿಯೂ ಆರೋಗ್ಯದ ಬಾಗಿಲಾದವು. ೨೦೧೮ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡ ಈ ಯೋಜನೆಯನ್ನು ೨೦೨೨ರ ಕೊನೆಯಲ್ಲಿ ಮತ್ತೆ ಪ್ರತ್ಯೇಕವಾಗಿ ಜೀವಂತಗೊಳಿಸಲಾಯಿತು.

ಬಡತನದ ರೇಖೆಯ ಕೆಳಗಿನವರಿಗಾಗಿ ೨೦೧೦ರಲ್ಲಿ ಉತ್ತರ ಕರ್ನಾಟಕದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯದು ಇನ್ನೂ ಕುತೂಹಲಕರವಾದ ಕಥೆ. ಯೋಜನೆ ಜಾರಿಯಲ್ಲಿದ್ದ ಗಡಿಯ ಈಚೆಯ ಹಳ್ಳಿಗಳನ್ನೂ ಇನ್ನೂ ಜಾರಿಗೆ ಬಾರದ ಆಚೆಯ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಸಂಭವಿಸಿದ ಮರಣವು ಆಚೆಯ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇಕಡ ೦.೯೦ ಇದ್ದರೆ, ಈಚೆಯ ಹಳ್ಳಿಗಳಲ್ಲಿ ೦.೩೨ ಇತ್ತು. ಹೆಚ್ಚುಕಡಿಮೆ ಮೂರನೆಯ ಒಂದು ಭಾಗ! ಹಣದ ಭರವಸೆಯೊಂದರಿಂದಲೇ ಇದು ಆಯಿತೆನ್ನಲಾಗದು. ಯೋಜನೆಗೆ ಸೇರಿದ ಆಸ್ಪತ್ರೆಗಳು ಹಳ್ಳಿಗಳಲ್ಲಿ ತಪಾಸಣಾ ಶಿಬಿರಗಳನ್ನು ನಡೆಸಿ, ರೋಗವಿದ್ದವರನ್ನು ಗುರುತಿಸಿ ಕರೆತರುವ ಏರ್ಪಾಡು ಅದರಲ್ಲಿತ್ತು. ಆರೋಗ್ಯಮಿತ್ರರೆಂಬವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾಗದಪತ್ರಗಳಿಗೆ ನೆರವಾಗುತ್ತಿದ್ದರು. ಹಣವು ಕಾದಿತ್ತು, ಹಣದ ಬಳಿಗೆ ಕರೆತರುವ ಕೈಯೂ ಇತ್ತು.

ಆದರೆ ಇಂತಹ ಯೋಜನೆಗಳ ಒಂದು ಮಿತಿಯನ್ನು ಮರೆಮಾಚಬಾರದು. ಅವು ಮುಖ್ಯವಾಗಿ ಆಸ್ಪತ್ರೆಗೆ ಸೇರಿದ ಮೇಲಿನ ವೆಚ್ಚವನ್ನು ಕೊಡುತ್ತವೆ. ಹೂವಿನ ತಾಯಿಯ ಬೆರಳುಗಳನ್ನು ಕತ್ತರಿಸಿದ್ದಕ್ಕೆ ಹಣ ದೊರೆಯಿತು. ಆ ಬೆರಳುಗಳನ್ನು ಉಳಿಸಬಹುದಾಗಿದ್ದ ಪಾದದ ತಪಾಸಣೆಗೆ, ನಾಲ್ಕು ಮಾತಿನ ತಿಳಿವಳಿಕೆಗೆ, ಗಾಯಕ್ಕೆ ಪಟ್ಟಿ ಕಟ್ಟುವುದಕ್ಕೆ, ತಿಂಗಳಿಗೊಮ್ಮೆ ಕೇಳುವ ಕುಶಲಪ್ರಶ್ನೆಗೆ ಆಸ್ಪತ್ರೆಗೆ ಹಣ ಕೊಡುವವರಿಲ್ಲ. ಲೆಕ್ಕದ ಪುಸ್ತಕದಲ್ಲಿ ಕತ್ತರಿಸಿದ ಬೆರಳು ಆದಾಯ. ಉಳಿದ ಬೆರಳು ಏನೂ ಅಲ್ಲ. ಇದು ಯಾವ ವೈದ್ಯರ ದುಷ್ಟತನವೂ ಅಲ್ಲ, ಲೆಕ್ಕದ ಕ್ರಮವೇ ಹಾಗಿದೆ. ಲಾಭಕ್ಕಾಗಿ ನಡೆಯುವ ಸಂಸ್ಥೆ ಈ ಕ್ರಮವನ್ನು ಮೀರುವುದು ಕಷ್ಟ. ದಾನದಿಂದ ನಡೆಯುವ ಸಂಸ್ಥೆ ಮೀರಬಲ್ಲದು, ಮೀರಬೇಕು.

ಔಷಧದ ಹಣಕ್ಕಿಂತಲೂ ದೊಡ್ಡದಾದ ಇನ್ನೊಂದು ವೆಚ್ಚವಿದೆ. ಅದು ಕಳೆದುಹೋಗುವ ದಿನಗೂಲಿ. ಇದನ್ನು ನಮ್ಮ ದೇಶ ಅರಿಯದೆ ಇರಲಿಲ್ಲ. ೧೯೪೮ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂದಾಗಲೇ, ವಿಮೆಗೊಳಪಟ್ಟ ಕಾರ್ಮಿಕನಿಗೆ ಚಿಕಿತ್ಸೆಯ ಜೊತೆಗೆ ಕಾಯಿಲೆಯ ದಿನಗಳ ಕೂಲಿಯ ಒಂದು ಭಾಗವನ್ನೂ ಕೊಡಬೇಕೆಂಬ ವಿವೇಕ ಅದರಲ್ಲಿತ್ತು. ಆ ವ್ಯವಸ್ಥೆಯಲ್ಲಿ ಅನಾರೋಗ್ಯದ ಭತ್ಯೆಯು ಕೂಲಿಯ ಶೇಕಡ ೭೦ರಷ್ಟು, ವರ್ಷದಲ್ಲಿ ೯೧ ದಿನಗಳವರೆಗೆ. ನಮ್ಮ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗುವ ಕಾರ್ಖಾನೆಯ ಕಾರ್ಮಿಕರಿಗೆ, ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ ಈ ಆಸರೆ ಉಂಟು. ಆದರೆ ಹೂವು ಮಾರುವವಳಿಗೆ, ಮನೆಗೆಲಸದವಳಿಗೆ, ಗಾರೆ ಕೆಲಸದವನಿಗೆ ಉದ್ಯೋಗದಾತನೆಂದು ತೋರಿಸಲು ಯಾರೂ ಇಲ್ಲ. ಅವರ ಪಾಲಿಗೆ ಉಚಿತ ಚಿಕಿತ್ಸೆಯೂ ಉಚಿತವಲ್ಲ. ಒಂದು ದಿನದ ಅನ್ನದ ಬೆಲೆ ಅದಕ್ಕಿದೆ. ಇಂತಹವರಿಗೆ ಕೂಲಿ ತುಂಬಿಕೊಡಲು ಆಸ್ಪತ್ರೆಗೆ ಸಾಧ್ಯವಾಗದಿರಬಹುದು. ಕೂಲಿ ಕಳೆಯದ ವೇಳೆಯಲ್ಲಿ ಬಾಗಿಲು ತೆರೆಯಲು ಸಾಧ್ಯವಿದೆ.

ನಗರದ ಬಡವರಿಗೆ ಮನೆಯ ಸಮೀಪದಲ್ಲಿಯೇ ಚಿಕಿತ್ಸೆ ದೊರೆಯಲೆಂದು ರಾಜ್ಯ ಸರ್ಕಾರವು ೨೦೨೨ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ಗಳನ್ನು ಆರಂಭಿಸಿತು, ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೂ ಅವು ತೆರೆದವು. ಒಬ್ಬ ವೈದ್ಯರು, ಒಬ್ಬ ದಾದಿ, ಒಬ್ಬ ಪ್ರಯೋಗಾಲಯದ ತಂತ್ರಜ್ಞರು, ಉಚಿತ ಔಷಧ. ಕಲ್ಪನೆ ಅತ್ಯಂತ ಶ್ಲಾಘ್ಯ. ಆದರೆ ಆರಂಭದಲ್ಲಿ ನಿಗದಿಯಾದ ವೇಳೆ ಬೆಳಿಗ್ಗೆ ೯ರಿಂದ ಸಂಜೆ ೪.೩೦. ಇದು ಕಚೇರಿಯ ವೇಳೆ. ಕೂಲಿಯವರು ದುಡಿಯುವ ವೇಳೆಯೂ ಇದೇ. ಸಂಜೆಯ ಆರೂವರೆಗೆ ಕೆಲಸದಿಂದ ಹಿಂದಿರುಗುವವನಿಗೆ ಆಗ ಕಂಡದ್ದು ಬೀಗ. ಒಂದೇ ಒಂದು ಬೀಗದ ವೇಳೆಯನ್ನು ಬದಲಿಸಿದರೆ ಎಷ್ಟು ಜನರಿಗೆ ದಾರಿ ತೆರೆಯುವುದೆಂದು ಯೋಜಕರು ಯೋಚಿಸಬೇಕು.

ಉಳಿದದ್ದು ಪರಿಚಾರಕನೆಂಬ ಪಾದ. ನಾಲ್ಕರಲ್ಲಿ ಇಂದು ಅತ್ಯಂತ ಬಡವಾಗಿರುವುದು ಇದೇ. ಶಾಸ್ತ್ರವು ಪರಿಚಾರಕನಲ್ಲಿ ಜ್ಞಾನ, ದಕ್ಷತೆ, ಶುಚಿತ್ವಗಳ ಜೊತೆಗೆ ಅನುರಾಗವನ್ನೂ ಹೇಳಿತು. ಚೀಟಿ ಬರೆದ ಮೇಲೆ ಏನಾಯಿತು, ಮಾತ್ರೆ ಮುಗಿಯಿತೇ, ಮತ್ತೆ ಬಂದಳೇ ಎಂದು ಕೇಳುವ ಅನುರಾಗವುಳ್ಳ ವ್ಯಕ್ತಿಯೊಬ್ಬರು ಆ ಮೊದಲ ಆಸ್ಪತ್ರೆಯಲ್ಲಿ ಇದ್ದಿದ್ದರೆ ಹೂವಿನ ತಾಯಿ ನಾಲ್ಕು ವರ್ಷ ಕಣ್ಮರೆಯಾಗುತ್ತಿರಲಿಲ್ಲ.

ಇಲ್ಲಿ ನಾನು ನಮ್ಮವರಿಗೇ ಒಂದು ಮಾತು ಹೇಳಬೇಕಾಗಿದೆ. ವಿದ್ಯೆಗೂ ಆರೋಗ್ಯಕ್ಕೂ ನಮ್ಮ ಸಮಾಜದ ಮಠಗಳು ಮತ್ತು ಸಂಸ್ಥೆಗಳು ಮಾಡಿರುವ ಸೇವೆ ಅಲ್ಪವಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ದಾವಣಗೆರೆ, ಮೈಸೂರುಗಳ ವೈದ್ಯಕೀಯ ಮಹಾವಿದ್ಯಾಲಯಗಳು ಕಣ್ಣಮುಂದಿವೆ. ಆದರೆ ನಮ್ಮ ದಾನದ ಸ್ವಭಾವವನ್ನು ಸ್ವಲ್ಪ ಪರೀಕ್ಷಿಸಿಕೊಳ್ಳೋಣ. ಕೊಠಡಿಗೆ, ಯಂತ್ರಕ್ಕೆ, ಮಹಡಿಗೆ ದಾನ ಸುಲಭವಾಗಿ ಬರುತ್ತದೆ. ಗೋಡೆಯ ಮೇಲೆ ಶಿಲಾಫಲಕ ಏರುತ್ತದೆ. ಒಬ್ಬ ಸಮಾಜಕಾರ್ಯಕರ್ತೆಯ ಐದು ವರ್ಷದ ಸಂಬಳಕ್ಕೆ ದಾನ ಕೊಟ್ಟ ಫಲಕವನ್ನು ನಾನು ಎಲ್ಲಿಯೂ ಕಂಡಿಲ್ಲ. ತಂದೆತಾಯಿಗಳ ಹೆಸರಿನಲ್ಲಿ ಏನಾದರೂ ಮಾಡಬೇಕೆಂದಿರುವ ಮಹನೀಯರು ಇದನ್ನು ಪರಾಂಬರಿಸಬೇಕೆಂದು ಪ್ರಾರ್ಥಿಸುತ್ತೇನೆ.

ಅತ್ತಿಗುಪ್ಪೆ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಂತಹ ಬಡಾವಣೆಗಳಲ್ಲಿ ಏನು ಮಾಡಬಹುದು? ನನಗೆ ತೋರುವ ಮೂರು ಕಾರ್ಯಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ನಮ್ಮ ಸಮುದಾಯ ಭವನಗಳೂ ಕಲ್ಯಾಣ ಮಂಟಪಗಳೂ ವಾರದಲ್ಲಿ ಹಲವು ಸಂಜೆ ಬರಿದಾಗಿರುತ್ತವೆ. ವಾರಕ್ಕೆ ಎರಡು ಸಂಜೆ, ಆರೂವರೆಯಿಂದ ಒಂಬತ್ತರವರೆಗೆ, ಅಲ್ಲಿ ಒಂದು ಕೋಣೆಯನ್ನು ಕೊಟ್ಟರೆ, ಸಮೀಪದ ಧರ್ಮಾರ್ಥ ಆಸ್ಪತ್ರೆಯೊಂದು ತನ್ನ ವೈದ್ಯರನ್ನೂ ದಾದಿಯನ್ನೂ ಕಾನೂನಿನ ಕ್ರಮಕ್ಕೆ ಒಳಪಟ್ಟು ಕಳುಹಿಸಬಹುದು. ರಕ್ತದೊತ್ತಡ ಮತ್ತು ಸಕ್ಕರೆಯ ಅಳತೆ, ಪಾದದ ತಪಾಸಣೆ, ಗಾಯಕ್ಕೆ ಪಟ್ಟಿ, ಇಷ್ಟೇ ಸಾಕು. ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಲು ಬೇಕಾದುದು ಒಂದು ಗೊತ್ತಾದ ಅಳತೆಯ ನೈಲಾನ್ ಎಳೆ; ಯಾವ ದೊಡ್ಡ ಯಂತ್ರವೂ ಅಲ್ಲ.

ಎರಡನೆಯದು, ಪ್ರತಿ ಆಸ್ಪತ್ರೆಯೂ ‘ಬಾರದವರ ಪಟ್ಟಿ’ಯೊಂದನ್ನು ಇಡಲಿ. ಬಂದವರ ಪಟ್ಟಿ ಎಲ್ಲ ಆಸ್ಪತ್ರೆಗಳಲ್ಲಿಯೂ ಇದೆ. ಎಷ್ಟು ಸಾವಿರ ಜನ ಬಂದರೆಂದು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಈ ವಾರ ಬರಬೇಕಾಗಿದ್ದು ಬಾರದೆ ಇದ್ದವರಾರು? ಸಕ್ಕರೆ, ರಕ್ತದೊತ್ತಡ, ಕ್ಷಯ, ಮಾನಸಿಕ ಕಾಯಿಲೆ, ಗರ್ಭಿಣಿಯರ ತಪಾಸಣೆ, ಇವಿಷ್ಟಕ್ಕೆ ಶನಿವಾರ ಒಬ್ಬರು ಕುಳಿತು ದೂರವಾಣಿಯಲ್ಲಿ ವಿಚಾರಿಸಿದರೆ ಸಾಕು. ಬಾರದಿರುವುದಕ್ಕೆ ಅವರು ಹೇಳುವ ಕಾರಣಗಳನ್ನು ಬರೆದಿಟ್ಟರೆ, ಆಸ್ಪತ್ರೆಯು ಏನನ್ನು ಬದಲಿಸಬೇಕೆಂಬುದು ಆ ಬರಹದಲ್ಲಿಯೇ ದೊರೆಯುವುದು. ಮೂರನೆಯದು, ಮೂರು ದಿನದ ಸಾಲನ್ನು ಒಂದು ದಿನಕ್ಕೆ ಇಳಿಸುವುದು. ಚೀಟಿ, ರಕ್ತ, ವರದಿ, ವೈದ್ಯರ ಭೇಟಿ ಇವೆಲ್ಲವನ್ನೂ ದಿನಗೂಲಿಯವರಿಗೆ ಒಂದೇ ಬಾರಿ ಮುಗಿಸಿಕೊಡುವುದು ಹಣದ ಪ್ರಶ್ನೆಗಿಂತ ಹೆಚ್ಚಾಗಿ ಮನಸ್ಸಿನ ಪ್ರಶ್ನೆ.

ಮನೆಯವರು ಮಾಡಬೇಕಾದುದೂ ಇದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ರಾತ್ರಿ ಮಲಗುವ ಮುನ್ನ ಅವರ ಅಂಗಾಲನ್ನೂ ಬೆರಳಿನ ಸಂದುಗಳನ್ನೂ ದೀಪದ ಬೆಳಕಿನಲ್ಲಿ ನೋಡಿರಿ. ಅವರಿಗೆ ಬಾಗಲಾಗದಿದ್ದರೆ ಮಕ್ಕಳು ನೋಡಲಿ. ಬರಿಗಾಲಿನಲ್ಲಿ ನಡೆಯುವುದು ಬೇಡ. ಬಿಸಿನೀರಿನ ಶಾಖ ಬೇಡ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು ಬೇಡವೇ ಬೇಡ. ನೋವಿಲ್ಲದ ಗಾಯವನ್ನು ನೋವಿರುವ ಗಾಯಕ್ಕಿಂತ ಹೆಚ್ಚಾಗಿ ಅಂಜಿರಿ. ಅಂದೇ, ತಪ್ಪಿದರೆ ಮರುದಿನವೇ ವೈದ್ಯರಿಗೆ ತೋರಿಸಿರಿ. ನಿಮ್ಮ ಮನೆಯ ಪಾತ್ರೆ ತೊಳೆಯುವವಳು ಆಸ್ಪತ್ರೆಗೆಂದು ಒಂದು ದಿನ ರಜೆ ಕೇಳಿದರೆ ಆ ದಿನದ ಸಂಬಳ ಹಿಡಿಯಬೇಡಿರಿ. ರಾಜ್ಯ ವಿಮಾ ಕಾಯಿದೆಯು ಕಾರ್ಖಾನೆಯ ಕಾರ್ಮಿಕನಿಗೆ ಕೊಟ್ಟ ನ್ಯಾಯವನ್ನು ಒಂದು ಮನೆಯ ಮಟ್ಟಿಗೆ ನಾವೇ ಕೊಡಬಹುದು.

ಹೂವಿನ ತಾಯಿ ಈಗ ಮತ್ತೆ ತನ್ನ ಜಾಗಕ್ಕೆ ಬಂದು ಕುಳಿತಿದ್ದಾಳೆ. ಕಾಲಿಗೆ ಮೃದುವಾದ ಪಾದರಕ್ಷೆ ಬಂದಿದೆ. ನಿಲ್ಲುವಾಗ ಒಂದು ಕೈಯನ್ನು ಗೋಡೆಗೆ ಕೊಡುತ್ತಾಳೆ. ಮಧ್ಯಾಹ್ನದ ಮನೆಗೆಲಸವನ್ನು ಬಿಟ್ಟಿದ್ದಾಳೆ. ಹೋದ ಸೋಮವಾರ ಸೆರಗಿನ ಗಂಟಿನಿಂದ ಆಸ್ಪತ್ರೆಯ ಚೀಟಿಯನ್ನು ತೆಗೆದು, “ಯಾವತ್ತು ಬರಬೇಕಂತೆ, ಓದಿ ಹೇಳಿ ಸ್ವಾಮಿ” ಎಂದಳು. ಚೀಟಿ ಇಂಗ್ಲಿಷಿನಲ್ಲಿತ್ತು. ಮುಂದಿನ ಗುರುವಾರ, ಬೆಳಿಗ್ಗೆ ಒಂಬತ್ತೂವ‍ರೆ. “ವ್ಯಾಪಾರದ ಹೊತ್ತು” ಎಂದು ಆಕೆ ಸುಮ್ಮನಾದಳು. ಗುರುವಾರ ಬೆಳಿಗ್ಗೆ ಬುಟ್ಟಿಯನ್ನು ನೋಡಿಕೊಳ್ಳಲು ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ಒಪ್ಪಿದ್ದಾರೆ. ಆಕೆಯ ಜೊತೆಯಲ್ಲಿ ನಾನು ಹೋಗುತ್ತಿದ್ದೇನೆ. ಎಂಟು ಸೋಮವಾರಗಳ ಹಿಂದೆಯೇ ಹೋಗಬೇಕಾಗಿತ್ತು.